ಕಾರಿನ ಕೀ ಕೈಕೊಟ್ಟಾಗ: ಶೋರೂಮ್, ಕೀ ಅಂಗಡಿ, ಎಲೆಕ್ಟ್ರಿಷಿಯನ್, ಇಲ್ಲಾ ನಾವೇ?

ನಮ್ಮ ಮನೆಯಲ್ಲಿ ಎರಡು ಕಾರುಗಳಿವೆ. ಒಂದು 2012ರ ಹಳೇ ಪೆಟ್ರೋಲ್ ಕಾರು, ಕೀ ತಿರುಗಿಸಿ ಸ್ಟಾರ್ಟ್ ಮಾಡುವಂಥದ್ದು. ಸೆಕೆಂಡ್‌ಹ್ಯಾಂಡ್ ತಗೊಂಡಾಗ ಒಂದೇ ಕೀ ಕೊಟ್ಟಿದ್ದರು. ಇನ್ನೊಂದು 2019ರದ್ದು. ಕೀ ಜೇಬಿನಲ್ಲಿದ್ದರೆ ಸಾಕು, ಬಟನ್ ಒತ್ತಿದರೆ ಎಂಜಿನ್ ಶುರು. ನಾವಿರುವುದು ಆಲ್ದೂರಿನ ಹತ್ತಿರ. ಕಾರು ಕೈಕೊಟ್ಟರೆ ಚಿಕ್ಕಮಗಳೂರಿಗೆ ಹೋಗಲು ಬಸ್ಸಿಗೆ ಕಾಯಬೇಕು. ಹಾಸನ ಅಂದರೆ ಒಂದು ದಿನವೇ ಹೋಯಿತು. ನಾಲ್ಕು ವರ್ಷದಲ್ಲಿ ಈ ಎರಡು ಕಾರುಗಳ ಕೀ ಮತ್ತು ಇಗ್ನಿಷನ್ ಕೊಟ್ಟ ಕಾಟದಿಂದ ನಾನು ಹಾಸನದ ಶೋರೂಮ್, ಎರಡು ಕೀ ಅಂಗಡಿ, ಒಬ್ಬ ಆಟೋ ಎಲೆಕ್ಟ್ರಿಷಿಯನ್ ಎಲ್ಲರನ್ನೂ ನೋಡಿಯಾಯಿತು. ನಮ್ಮ ಅಡುಗೆಮನೆ ಮೇಜೂ ಸ್ವಲ್ಪ ದಿನ ವರ್ಕ್‌ಶಾಪ್ ಆಗಿತ್ತು.

ಅಲ್ಲಿಂದಲೇ ಶುರು ಮಾಡುತ್ತೇನೆ, ಏಕೆಂದರೆ ನನ್ನ ದೊಡ್ಡ ಪೆದ್ದುತನ ನಡೆದದ್ದೂ ಅಲ್ಲೇ.

ಹಳೇ ಕಾರಿನ ಕೀಯ ಪ್ಲಾಸ್ಟಿಕ್ ಕವಚ ಒಡೆದು ಹೋಗಿತ್ತು. ರಬ್ಬರ್ ಬಟನ್ ತೂತು ಬಿದ್ದಿತ್ತು. ಆನ್‌ಲೈನ್‌ನಲ್ಲಿ 350 ರೂಪಾಯಿಗೆ ಹೊಸ ಕವಚ ತರಿಸಿದೆ. ಹಳೆಯದನ್ನು ಬಿಚ್ಚಿ, ರಿಮೋಟ್‌ನ ಹಸಿರು ಬೋರ್ಡನ್ನೂ ಕಬ್ಬಿಣದ ಕೀಯನ್ನೂ ಹೊಸದಕ್ಕೆ ಕೂರಿಸಿದೆ. ಹತ್ತು ನಿಮಿಷದ ಕೆಲಸ. ಬಾಗಿಲು ಟಕ್ ಅಂತ ತೆರೆಯಿತು. ಖುಷಿಯಾಗಿ ಕೀ ತಿರುಗಿಸಿದೆ. ಎಂಜಿನ್ ತಿರುಗಿಸುವ ಸೆಲ್ಫ್ ಮೋಟರು ಚೆನ್ನಾಗಿ ಹೊಡೆಯುತ್ತಿದೆ, ಎಂಜಿನ್ ಮಾತ್ರ ಹತ್ತುತ್ತಿಲ್ಲ. ಮೀಟರಿನಲ್ಲಿ ಕೀ ಚಿತ್ರದ ಸಣ್ಣ ದೀಪ ಮಿಣುಕುತ್ತಿದೆ.

ಆಮೇಲೆ ಗೊತ್ತಾಯಿತು. ಇಂಥ ಕೀ ಒಳಗೆ ಎರಡು ಬೇರೆ ಬೇರೆ ಸಾಮಾನು ಇರುತ್ತವೆ. ಒಂದು ರಿಮೋಟ್. ಅದಕ್ಕೆ ಸೆಲ್ ಬೇಕು, ಬಾಗಿಲು ತೆರೆಯುವುದಷ್ಟೇ ಅದರ ಕೆಲಸ. ಇನ್ನೊಂದು ಚಿಪ್. ಅದಕ್ಕೆ ಸೆಲ್ಲೇ ಬೇಡ. ಕೀ ಹಾಕುವ ತೂತಿನ ಸುತ್ತ ತಂತಿಯ ಒಂದು ಬಳೆ ಇರುತ್ತದೆ. ಇಗ್ನಿಷನ್ ಆನ್ ಮಾಡಿದಾಗ ಚಿಪ್‌ಗೆ ಬೇಕಾದ ಚೂರು ಕರೆಂಟು ಆ ಬಳೆಯಿಂದಲೇ ಸಿಗುತ್ತದೆ. ಚಿಪ್ ತನ್ನ ನಂಬರ್ ಹೇಳುತ್ತದೆ. ನಂಬರ್ ಸರಿಯಿದ್ದರೆ ಮಾತ್ರ ಎಂಜಿನ್ ಹತ್ತುತ್ತದೆ. ಕೆಲವು ಕಾರುಗಳಲ್ಲಿ ಈ ಚಿಪ್ ಬೋರ್ಡಿನ ಮೇಲೇ ಇರುತ್ತದೆ. ನಮ್ಮದರಲ್ಲಿ ಹುಣಸೆಬೀಜದಷ್ಟು ಕಪ್ಪು ತುಂಡು, ಕವಚದ ಮೂಲೆಯಲ್ಲಿ ಬೇರೆಯಾಗಿ ಕೂತಿತ್ತು. ಆ ಕವಚವನ್ನು ನಾನು ಕಸಕ್ಕೆ ಎಸೆದಿದ್ದೆ. ನಮ್ಮಲ್ಲಿ ಕಾಗದ, ರಟ್ಟು, ಚೂರುಪಾರು ಎಲ್ಲ ಹೋಗುವುದು ಬಚ್ಚಲ ಒಲೆಗೆ. ಓಡಿ ಹೋಗಿ ನೋಡಿದರೆ ಹೆಂಡತಿ ಅಡಿಕೆ ಸಿಪ್ಪೆ ಒಟ್ಟಿ ಕಡ್ಡಿ ಗೀರುವುದರಲ್ಲಿದ್ದಳು. ಸಿಕ್ಕಿತು ಪುಣ್ಯಕ್ಕೆ. ಸಿಗದಿದ್ದರೆ ಎಷ್ಟು ಖರ್ಚಾಗುತ್ತಿತ್ತು ಅಂತ ಕೀ ಅಂಗಡಿಯವರು ಆಮೇಲೆ ಹೇಳಿದರು. ಬಚ್ಚಲಲ್ಲೇ ಕೂತು ನಡುಗುವಷ್ಟು.

ಮನೆಯಲ್ಲೇ ಮಾಡಿ ಗೆದ್ದದ್ದೂ ಇದೆ. ಮಳೆಗಾಲದಲ್ಲಿ ರೈನ್‌ಕೋಟ್ ಜೇಬಿನಲ್ಲಿಟ್ಟ ಕೀ ಒಳಗೆ ನೀರು ಹೋಗಿತ್ತು. ಅಕ್ಕಿ ಡಬ್ಬಿಯಲ್ಲಿ ಹೂತಿಡಿ ಅಂದವರೇ ಜಾಸ್ತಿ. ನಾನು ಸೆಲ್ ತೆಗೆದು, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಹಳೇ ಹಲ್ಲುಜ್ಜುವ ಬ್ರಷ್ ಅದ್ದಿ ಬೋರ್ಡ್ ಉಜ್ಜಿದೆ. ಸೆಲ್ ಕೂರುವ ತಗಡಿನ ಮೇಲೆ ಹಸಿರು ಕಿಲುಬು ಕಟ್ಟಿತ್ತು, ಅದೂ ಹೋಯಿತು. ಒಂದು ದಿನ ಒಣಗಿಸಿ ಸೆಲ್ ಹಾಕಿದರೆ ಸರಿಯಾಯಿತು. ಆದರೆ ಬೋರ್ಡಿನ ಮೇಲಿನ ಪುಟ್ಟ ಸ್ವಿಚ್ ಸವೆದು ಹೋದಾಗ ನಾನು ಕೈ ಹಾಕಲಿಲ್ಲ. ಮೊಬೈಲ್ ರಿಪೇರಿ ಹುಡುಗ 150 ರೂಪಾಯಿಗೆ ಹೊಸ ಸ್ವಿಚ್ ಬೆಸುಗೆ ಹಾಕಿಕೊಟ್ಟ.

ಸೆಲ್ ಬದಲಿಸಲು ಯಾರ ಹತ್ತಿರವೂ ಹೋಗುವುದು ಬೇಡ. ಇದನ್ನು ಕಲಿತದ್ದು ಕೊಟ್ಟಿಗೆಹಾರದಲ್ಲಿ. ಧರ್ಮಸ್ಥಳಕ್ಕೆ ಹೊರಟವರು ನೀರ್‌ದೋಸೆಗೆ ನಿಲ್ಲಿಸಿದ್ದೆವು. ತಿಂದು ಬಂದರೆ ಬಟನ್ ಕಾರಿನ ಬಾಗಿಲು ತೆರೆಯುತ್ತಿಲ್ಲ. ಸುತ್ತ ಮಂಜು, ಸಣ್ಣ ಮಳೆ, ಅತ್ತೆ ಛತ್ರಿ ಹಿಡಿದು ನಿಂತಿದ್ದಾರೆ. ಸ್ಮಾರ್ಟ್ ಕೀ ಒಳಗೆ ಒಂದು ಸಣ್ಣ ಕಬ್ಬಿಣದ ಕೀ ಅಡಗಿರುತ್ತದೆ. ಅದನ್ನು ಎಳೆದು ಬಾಗಿಲು ತೆರೆದೆ. ಕಾರು ಕಳ್ಳ ಬಂದ ಅಂತ ಕೂಗಿಕೊಂಡಿತು. ಹೋಟೆಲಿನವರೆಲ್ಲ ಹೊರಗೆ ಬಂದರು. ಕೀಯನ್ನು ಸ್ಟಾರ್ಟ್ ಬಟನ್‌ಗೇ ಒತ್ತಿ ಹಿಡಿದು, ಬ್ರೇಕ್ ತುಳಿದು ಒತ್ತಿದೆ. ಹತ್ತಿತು. ಸೆಲ್ ಪೂರ್ತಿ ಸತ್ತಿದ್ದರೂ ಅಷ್ಟು ಹತ್ತಿರದಿಂದ ಚಿಪ್‌ನ ನಂಬರ್ ಓದಲು ಕಾರಿಗೆ ಆಗುತ್ತದೆ. ಎಲ್ಲಿ ಹಿಡಿಯಬೇಕು ಅನ್ನುವುದು ಒಂದೊಂದು ಕಾರಿಗೆ ಒಂದೊಂದು ಥರ, ಪುಸ್ತಕದಲ್ಲಿ ಬರೆದಿರುತ್ತಾರೆ. ನಮ್ಮದಕ್ಕೆ ಬೇಕಾದ್ದು ಸಿಆರ್ 2032 ಸೆಲ್. 20 ಮಿಲಿಮೀಟರ್ ಅಗಲ, 3.2 ದಪ್ಪ, 3 ವೋಲ್ಟ್. ವಾಚ್ ಅಂಗಡಿಯಲ್ಲಿ 60 ರೂಪಾಯಿ. ಅದೇ ಸೆಲ್ ಬದಲಿಸಲು ಶೋರೂಮ್‌ನಲ್ಲಿ ಒಂದು ಸಲ 350 ಬಿಲ್ ಹಾಕಿದ್ದರು. ಸುಮ್ನೆ ಕೊಟ್ಟು ಬಂದಿದ್ದೆ.

ಈಗ ಕೀ ಅಂಗಡಿ. ಹಳೇ ಕಾರಿಗೆ ಎರಡನೇ ಕೀ ಬೇಕು ಅಂತ ಶೋರೂಮ್‌ನಲ್ಲಿ ಕೇಳಿದಾಗ, 5,200 ರೂಪಾಯಿ, ಅಡ್ವಾನ್ಸ್ ಕಟ್ಟಿ ಎರಡು ವಾರ ಕಾಯಿರಿ ಅಂದರು. ಚಿಕ್ಕಮಗಳೂರಿನ ಕೀ ಅಂಗಡಿಯಲ್ಲಿ 1,900 ಅಂದರು, ಅದೂ ಆಗಲೇ. ಅವರ ಹತ್ತಿರ ಅಂಗೈ ಅಗಲದ ಒಂದು ಯಂತ್ರ. ನಮ್ಮ ಕೀಯನ್ನು ಅದರೊಳಗಿಟ್ಟು ನಂಬರ್ ಓದಿಸಿದರು, ಖಾಲಿ ಚಿಪ್‌ಗೆ ಅದನ್ನೇ ಬರೆಸಿದರು. ಪಕ್ಕದಲ್ಲಿ ಇನ್ನೊಂದು ಯಂತ್ರ ಕಬ್ಬಿಣದ ಹಲ್ಲು ಕೊರೆಯಿತು. ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಕೀ ರೆಡಿ. ಕಾರಿಗೆ ಇದು ಎರಡನೇ ಕೀ ಅಂತ ಗೊತ್ತೇ ಆಗುವುದಿಲ್ಲ, ಅದೇ ಹಳೇ ಕೀ ಅಂದುಕೊಳ್ಳುತ್ತದೆ. ಮೂರು ವರ್ಷವಾಯಿತು, ಒಂದು ದಿನವೂ ಕೈಕೊಟ್ಟಿಲ್ಲ. ಅದರ ಜೊತೆ ಕೊಟ್ಟ ರಿಮೋಟ್ ಮಾತ್ರ ಎಂಟೇ ತಿಂಗಳಿಗೆ ಸತ್ತಿತು.

ಒಂದು ವಿಷಯ ನನಗೆ ಹಿಡಿಸಲಿಲ್ಲ. ಆ ಅಂಗಡಿಯವರು ಆರ್‌ಸಿ ಕೇಳಲೇ ಇಲ್ಲ. ನಾನು ಕಾರಿನ ಯಜಮಾನನೋ, ಅರ್ಧ ಗಂಟೆಗೆ ಯಾರದೋ ಕೀ ತಂದವನೋ, ಅವರಿಗೆ ಬೇಕಾಗಿರಲಿಲ್ಲ. ಹಾಸನದಲ್ಲಿ ನಾನು ಹೋದ ಇನ್ನೊಂದು ಕೀ ಅಂಗಡಿಯವರು ಆರ್‌ಸಿ, ಆಧಾರ್ ಎರಡರ ಫೋಟೋ ತಗೊಂಡು, ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡೇ ಕೆಲಸ ಶುರು ಮಾಡಿದರು. 300 ರೂಪಾಯಿ ಜಾಸ್ತಿಯಾದರೂ ನಾನು ಇನ್ನು ಹೋಗುವುದು ಅಲ್ಲಿಗೇ.

ಇಷ್ಟು ಸಲೀಸಾಗಿ ಆದದ್ದು ಕೈಯಲ್ಲಿ ಕೆಲಸ ಮಾಡುವ ಒಂದು ಕೀ ಇದ್ದದ್ದಕ್ಕೆ. ನಮ್ಮ ಭಾವನ ಕತೆ ಬೇರೆ. ಇದ್ದ ಒಂದೇ ಕೀಯನ್ನು ಭದ್ರಾ ಹೊಳೆಯಲ್ಲಿ ಕಳೆದರು. ನಕಲು ಮಾಡಲು ಅಸಲಿಯೇ ಇಲ್ಲ. ಕಾರಿನೊಳಗೆ ಚಿಪ್ ನಂಬರ್ ಪರೀಕ್ಷೆ ಮಾಡುವ ಎಲೆಕ್ಟ್ರಾನಿಕ್ ಡಬ್ಬಿಗೇ ಹೊಸ ಚಿಪ್‌ನ ನಂಬರ್ ಕಲಿಸಬೇಕು. ಶೋರೂಮ್‌ಗಾದರೆ ಕಾರನ್ನು ಎತ್ತಿಸಿಕೊಂಡು ಹೋಗಬೇಕಿತ್ತು. ಕೊನೆಗೆ ಬೆಂಗಳೂರಿನಿಂದ ಒಬ್ಬರು ಲ್ಯಾಪ್‌ಟಾಪ್ ಹಿಡಿದು ಬಾಳೆಹೊನ್ನೂರಿಗೆ ಬಂದು ಮಾಡಿಕೊಟ್ಟರು. ಬಸ್ ಚಾರ್ಜು, ಊಟ ಸೇರಿ 9,000. ಅದಕ್ಕೇ ಕೀ ಬಗ್ಗೆ ಯಾರಾದರೂ ಫೋನ್ ಮಾಡಿದರೆ ನಾನು ಮೊದಲು ಕೇಳುವುದು, ಇನ್ನೊಂದು ಕೀ ಇದೆಯಾ ಅಂತ. ಇದ್ದರೆ ಕೀ ಅಂಗಡಿ. ಇಲ್ಲದಿದ್ದರೆ ಜೇಬು ಗಟ್ಟಿ ಮಾಡಿಕೊಳ್ಳಿ.

ಹಾಗಂತ ಶೋರೂಮ್ ದಂಡ ಅಂತ ಹೇಳುತ್ತಿಲ್ಲ. ಬಟನ್ ಕಾರಿನ ವಿಷಯದಲ್ಲಿ ನಾನು ಕೊನೆಗೆ ತಲೆಬಾಗಿದ್ದು ಅವರಿಗೇ. ದೇವರಮನೆ ಗುಡ್ಡದ ಹುಲ್ಲಿನಲ್ಲಿ ಮಗ ಒಂದು ಕೀ ಬೀಳಿಸಿಕೊಂಡ. ಸಂಜೆವರೆಗೆ ಹುಡುಕಿದರೂ ಸಿಗಲಿಲ್ಲ. ಮನೆಯಲ್ಲಿದ್ದ ಕೀ ತರಿಸಿ ಕಾರು ತಂದೆವು. ಶೋರೂಮ್‌ನವರು 13,400 ಅಂದರು. ಕೀ ಅಂಗಡಿಯವರು 7,000. ಹಳೇ ಅನುಭವದ ಧೈರ್ಯದ ಮೇಲೆ ಅಂಗಡಿಗೇ ಹೋದೆ. ಕಂಪನಿಯದಲ್ಲದ ಕೀ ಹಾಕಿಕೊಟ್ಟರು. ಬಟನ್‌ಗಳೆಲ್ಲ ಕೆಲಸ ಮಾಡಿದವು, ಎಂಜಿನ್ನೂ ಹತ್ತಿತು. ಆದರೆ ಕೀ ಜೇಬಿನಲ್ಲಿಟ್ಟು ಬಾಗಿಲ ಹಿಡಿ ಮುಟ್ಟಿದರೆ ಒಂದು ಸಲ ತೆರೆಯುತ್ತದೆ, ಮೂರು ಸಲ ಇಲ್ಲ. ಇಂಥ ಕೀಯಲ್ಲಿ ಮಾತುಕತೆ ಎರಡು ಕಡೆಯಿಂದ ನಡೆಯಬೇಕು. ಕಾರು ಸುಮಾರು ಒಂದು ಮೀಟರ್ ದೂರದವರೆಗೆ ಸಣ್ಣಗೆ ಕರೆಯುತ್ತದೆ, ಕೀ ಅದನ್ನು ಕೇಳಿಸಿಕೊಂಡು ಉತ್ತರ ಕೊಡುತ್ತದೆ. ಅಗ್ಗದ ಕೀಗೆ ಕಿವಿ ಸರಿಯಿಲ್ಲ ಅಷ್ಟೆ. ಅಂಗಡಿಯವರು ಒಳ್ಳೆಯವರು, 500 ಹಿಡಿದುಕೊಂಡು ಉಳಿದ ದುಡ್ಡು ವಾಪಸ್ ಕೊಟ್ಟರು.

ಶೋರೂಮ್‌ನಲ್ಲಿ ಆರ್‌ಸಿ, ಗುರುತಿನ ಚೀಟಿ, ಅರ್ಜಿ, ಪೂರ್ತಿ ದುಡ್ಡು ಮುಂಗಡ. ಹದಿನಾರು ದಿನ ಕಾದೆ. ಉಳಿದ ಕೀಯನ್ನೂ ತನ್ನಿ ಅಂದಿದ್ದರು. ಯಾಕೆ ಅಂದರೆ, ಹೊಸದನ್ನು ಸೇರಿಸುವಾಗ ಕಳೆದುಹೋದ ಕೀಯ ನಂಬರನ್ನು ಕಾರಿನ ನೆನಪಿನಿಂದ ಅಳಿಸಿ, ಕೈಯಲ್ಲಿರುವ ಎರಡನ್ನು ಮಾತ್ರ ಉಳಿಸುತ್ತಾರೆ. ಈಗ ಗುಡ್ಡದಲ್ಲಿ ಆ ಕೀ ಯಾರಿಗೆ ಸಿಕ್ಕಿದರೂ ಎಂಜಿನ್ ಹತ್ತುವುದಿಲ್ಲ. ಇದನ್ನು ನಾನು ಕೀ ಅಂಗಡಿಯಲ್ಲಿ ಕೇಳಿಯೇ ಇರಲಿಲ್ಲ. ಬಿಲ್ಲೂ ಕೆಲಸಕ್ಕೆ ಬರುತ್ತದೆ. ಕಾರು ಕಳುವಾದರೆ ಇನ್ಶೂರೆನ್ಸ್‌ನವರು ಎರಡೂ ಕೀ ಕೇಳುತ್ತಾರೆ. ಒಂದು ಕಳೆದಿದ್ದರೆ ಅದಕ್ಕೆ ಕಾಗದ ತೋರಿಸಬೇಕು. ಕೀ ಕಳೆದರೆ ದುಡ್ಡು ಕೊಡುವ ಬೇರೆ ಕವರ್ ಕೂಡ ಪಾಲಿಸಿ ಜೊತೆ ಸಿಗುತ್ತದೆ. ನನಗೆ ಅದು ನೆನಪಾದದ್ದು 13,400 ಕಟ್ಟಿ ಬಂದ ಮೇಲೆ.

ಅದೇ ಶೋರೂಮ್ ಇನ್ನೊಂದು ಸಲ ನನ್ನನ್ನು ದಾರಿ ತಪ್ಪಿಸಿತು. ಜುಲೈ ತಿಂಗಳು, ಕೆ.ಎಂ. ರಸ್ತೆಯಲ್ಲಿ ದಿನಸಿ ತಗೊಂಡು ಬಂದು ಬಟನ್ ಒತ್ತಿದರೆ ಎಂಜಿನ್ ಹತ್ತುತ್ತಿಲ್ಲ. ಮೀಟರ್ ಬೆಳಗುತ್ತದೆ, ರೇಡಿಯೋ ಹಾಡುತ್ತದೆ, ಸೆಲ್ಫ್ ಮಾತ್ರ ಸದ್ದೇ ಇಲ್ಲ. ಫೋನ್ ಮಾಡಿದೆ. ಕೀ ಅಥವಾ ಅದರ ಡಬ್ಬಿ ಹೋಗಿರಬೇಕು, ಗಾಡಿ ಎತ್ತಿಸಿಕೊಂಡು ಹಾಸನಕ್ಕೆ ತನ್ನಿ ಅಂದರು. ಅಷ್ಟರಲ್ಲಿ ದಿನಸಿ ಅಂಗಡಿಯವರು ಹತ್ತಿರದ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿದರು. ಅರವತ್ತು ದಾಟಿದವರು, ಕೈಯಲ್ಲಿ ಒಂದು ಟೆಸ್ಟ್ ಲ್ಯಾಂಪ್ ಬಿಟ್ಟರೆ ಏನೂ ಇಲ್ಲ. ಕೀ ಕಡೆ ನೋಡಲೂ ಇಲ್ಲ. ಸೀದಾ ಕಾರಿನ ಹಿಂದೆ ಹೋಗಿ ನಿಂತರು.

“ಬ್ರೇಕ್ ತುಳೀರಿ ಸರ್.”

ತುಳಿದೆ.

“ತುಳಿದ್ರಾ?”

“ತುಳಿದೇ ಇದೀನಿ.”

“ಲೈಟ್ ಹತ್ತಿಲ್ವಲ್ಲ. ಮತ್ತೆ ಅದು ಹೆಂಗೆ ಸ್ಟಾರ್ಟ್ ಆಗುತ್ತೆ?”

ನಮ್ಮ ಬಟನ್ ಕಾರು ಸ್ಟಾರ್ಟ್ ಆಗಬೇಕಾದರೆ ಬ್ರೇಕ್ ತುಳಿದದ್ದು ಅದಕ್ಕೆ ಗೊತ್ತಾಗಬೇಕು. ಪೆಡಲ್ ಮೇಲಿರುವ ಬ್ರೇಕ್ ಲೈಟ್ ಸ್ವಿಚ್ ಹೇಳುವುದು ಅದನ್ನೇ. ಅದು ಸತ್ತಿತ್ತು. ಸ್ವಿಚ್‌ಗೆ 420, ಕೂಲಿ 200. ಎತ್ತಿಸಿಕೊಂಡು ಹೋಗಿದ್ದರೆ ಟೋಯಿಂಗ್‌ಗೇ ಅದರ ಎಷ್ಟೋ ಪಟ್ಟು.

ಹಳೇ ಕಾರಿನ ಇಗ್ನಿಷನ್ ಸ್ವಿಚ್ಚನ್ನೂ ಅವರೇ ನೋಡಿದರು. ಕಾರು ರಸ್ತೆಯ ಗುಂಡಿ ಹಾರಿದಾಗ ವೈಪರ್, ಮೀಟರ್ ಎಲ್ಲ ಒಂದು ಕ್ಷಣ ಆರಿ ಹತ್ತುತ್ತಿದ್ದವು. ಕಾರಣ ನನ್ನ ಕೀ ಗೊಂಚಲು. ಮನೆ, ಗೋಡೌನ್, ಪಂಪ್‌ಹೌಸ್, ಗೇಟು, ಎಲ್ಲ ಬೀಗದ ಕೈಗಳೂ ಅದರಲ್ಲೇ ನೇತಾಡುತ್ತಿದ್ದವು. ಇದು ತಮಾಷೆಯ ವಿಷಯವಲ್ಲ. ಗೊಂಚಲಿನ ಭಾರಕ್ಕೆ ಸ್ವಿಚ್ ತಾನೇ ಜಾರಿ ಎಂಜಿನ್ ಆಫ್ ಆಗುವ ದೋಷಕ್ಕೆ ಅಮೆರಿಕದ ಜನರಲ್ ಮೋಟಾರ್ಸ್ 2014ರಲ್ಲಿ ಲಕ್ಷಗಟ್ಟಲೆ ಕಾರುಗಳನ್ನು ವಾಪಸ್ ಕರೆಸಬೇಕಾಯಿತು. ಸ್ವಿಚ್ ಹಾಗೆ ಜಾರಿದರೆ ಆ ಕಾರುಗಳಲ್ಲಿ ಏರ್‌ಬ್ಯಾಗೂ ಕೆಲಸ ಮಾಡುತ್ತಿರಲಿಲ್ಲ. ಚಾರ್ಮಾಡಿಯ ತಿರುವಿನಲ್ಲಿ ಹಾಗಾಗಿದ್ದರೆ ಅಂತ ಈಗಲೂ ನೆನೆಸಿಕೊಳ್ಳುತ್ತೇನೆ. ಶೋರೂಮ್‌ನವರು ಪೂರ್ತಿ ಲಾಕ್ ಸೆಟ್ಟೇ ಬದಲಿಸಬೇಕು, 8,500 ಅಂದಿದ್ದರು. ಎಲೆಕ್ಟ್ರಿಷಿಯನ್ ಲಾಕನ್ನು ಹಾಗೇ ಬಿಟ್ಟು, ಹಿಂದಿನ ಸ್ವಿಚ್ ಭಾಗ ಮಾತ್ರ ಬದಲಿಸಿದರು. 1,100 ರೂಪಾಯಿ, ಕೀ ಅದೇ. ಸ್ಟೇರಿಂಗ್ ಕೆಳಗಿನ ಕವರ್‌ನ ಒಂದು ಸ್ಕ್ರೂ ಹಾಕಲು ಮರೆತರು. ಮಣ್ಣು ರಸ್ತೆಗೆ ಇಳಿದರೆ ಇವತ್ತಿಗೂ ಗಡಗಡ ಅನ್ನುತ್ತದೆ.

ಹಳೇ ಕಾರಿನ ಅಸಲಿ ರಿಮೋಟ್ ಹೋದ ವಾರ ಮತ್ತೆ ಸತ್ತಿದೆ. ಸೆಲ್ ಹೊಸದು, ಬೋರ್ಡೇ ಹೋಗಿರಬೇಕು. ಈ ಸಲ ಯಾರ ಹತ್ತಿರವೂ ಹೋಗಿಲ್ಲ. ಚಿಪ್ ಸರಿಯಿದೆ, ಬಾಗಿಲಿಗೆ ಕೀ ಹಾಕಿ ತಿರುಗಿಸುತ್ತಿದ್ದೇನೆ.