ಸಾಂತಾ ಕ್ಲಾರಾ ಕೌಂಟಿಯ ಚುನಾವಣೆ: ಎರಡು ಪತ್ರಿಕೆಗಳ ಹೋಲಿಕೆ

ಸಿಲಿಕಾನ್ ವ್ಯಾಲಿಯಲ್ಲಿ ನೆಲೆಸಿರುವ ನಾವು ಕನ್ನಡಿಗರು ಬೆಂಗಳೂರಿನ ರಾಜಕೀಯವನ್ನೂ ವಾಷಿಂಗ್ಟನ್ನಿನ ರಾಜಕೀಯವನ್ನೂ ಉತ್ಸಾಹದಿಂದ ಚರ್ಚಿಸುತ್ತೇವೆ. ಆದರೆ ನಮ್ಮ ಮನೆಯ ತೆರಿಗೆ ಮೌಲ್ಯವನ್ನು ನಿರ್ಣಯಿಸುವ, ಸಾರ್ವಜನಿಕ ಆಸ್ಪತ್ರೆಗಳನ್ನು ನಡೆಸುವ ಸಾಂತಾ ಕ್ಲಾರಾ ಕೌಂಟಿಯ ಮತಪತ್ರ ಅಂಚೆಯಲ್ಲಿ ಬಂದಾಗ, ಯಾರಿಗೆ ಮತ ಹಾಕಬೇಕೆಂದು ಪರಿಚಿತರನ್ನು ಕೇಳುವವರೇ ಹೆಚ್ಚು. ಇದು ನನ್ನನ್ನು ಬಹಳ ಕಾಡಿದ್ದರಿಂದ, 2025ರ ಚುನಾವಣೆಯ ಉದ್ದಕ್ಕೂ 'ಮರ್ಕ್ಯುರಿ ನ್ಯೂಸ್' ಮತ್ತು 'ಸ್ಯಾನ್ ಹೊಸೆ ಸ್ಪಾಟ್‌ಲೈಟ್' ಎರಡನ್ನೂ ಜೊತೆಯಾಗಿ ಓದಿದೆ.

ಹತ್ತೊಂಬತ್ತನೆಯ ಶತಮಾನದಿಂದ ನಡೆದುಬಂದಿರುವ ಮರ್ಕ್ಯುರಿ ನ್ಯೂಸ್‌ಗೆ ಚಂದಾ ಕಟ್ಟಬೇಕು. ಅದರ ದೊಡ್ಡ ಬಲವೆಂದರೆ ಸಂಪಾದಕೀಯ ಮಂಡಳಿ: ಅಭ್ಯರ್ಥಿಗಳನ್ನು ಪ್ರಶ್ನಿಸಿ, ಇಂಥವರಿಗೆ ಮತ ಕೊಡಿ ಎಂದು ಕಾರಣಸಹಿತ ಹೇಳುತ್ತದೆ. ಆ ತೀರ್ಪನ್ನು ಒಪ್ಪದಿದ್ದಾಗಲೂ ಅದರ ವಾದಸರಣಿ ನನಗೆ ಉಪಯುಕ್ತವಾಗಿದೆ. 2019ರಲ್ಲಿ ಆರಂಭವಾದ ಸ್ಪಾಟ್‌ಲೈಟ್ ಲಾಭರಹಿತ ಸಂಸ್ಥೆಯಾದ್ದರಿಂದ ಕಾನೂನಿನ ಪ್ರಕಾರ ಯಾವ ಅಭ್ಯರ್ಥಿಯನ್ನೂ ಬೆಂಬಲಿಸುವಂತಿಲ್ಲ; ಉಚಿತವಾಗಿ ಓದಬಹುದು. ಕೌಂಟಿಯ ಆಡಳಿತ ನಡೆಸುವ ಐದು ಸದಸ್ಯರ ಮೇಲ್ವಿಚಾರಕರ ಮಂಡಳಿಯ ಸಭೆಗಳು, ಪ್ರಚಾರಕ್ಕೆ ಹಣ ಕೊಟ್ಟವರು, ಕಾರ್ಮಿಕ ಸಂಘಗಳ ನಿಲುವು ಇವುಗಳನ್ನು ಚುನಾವಣೆ ಇಲ್ಲದ ತಿಂಗಳುಗಳಲ್ಲಿಯೂ ಅದು ವರದಿ ಮಾಡುತ್ತದೆ.

ಎರಡನ್ನೂ ಒರೆಗೆ ಹಚ್ಚಲು ಅಸೆಸರ್, ಅಂದರೆ ಆಸ್ತಿಗಳ ತೆರಿಗೆ ಮೌಲ್ಯ ನಿರ್ಣಯಿಸುವ ಕೌಂಟಿ ಅಧಿಕಾರಿಯ, ಹುದ್ದೆಯ ಚುನಾವಣೆಗಿಂತ ಒಳ್ಳೆಯ ಸಂದರ್ಭ ಸಿಗುತ್ತಿರಲಿಲ್ಲ. ಸುಮಾರು ಮೂವತ್ತು ವರ್ಷ ಆ ಸ್ಥಾನದಲ್ಲಿದ್ದ ಲ್ಯಾರಿ ಸ್ಟೋನ್ ನಿವೃತ್ತರಾದದ್ದರಿಂದ ವಿಶೇಷ ಚುನಾವಣೆ ನಡೆಯಿತು. ನವೆಂಬರಿನಲ್ಲಿ ಯಾರಿಗೂ ಬಹುಮತ ಬರದೆ, ಡಿಸೆಂಬರ್ 30ರ ಮರುಸುತ್ತಿನಲ್ಲಿ ನೇಸಾ ಫ್ಲಿಗೊರ್ ಅವರು ಸಾರಟೋಗದ ಮಾಜಿ ನಗರಸಭಾ ಸದಸ್ಯ ರಿಷಿ ಕುಮಾರ್ ಅವರನ್ನು ಸೋಲಿಸಿದರು. ಭಾರತೀಯ ಮೂಲದ ಅಭ್ಯರ್ಥಿಯಿದ್ದುದರಿಂದ ನಮ್ಮವರಲ್ಲಿ ಮಾತು ಜೋರಾಗಿಯೇ ಇತ್ತು. ಅಸೆಸರ್ ತೆರಿಗೆಯ ದರವನ್ನು ನಿಗದಿಪಡಿಸುವುದಿಲ್ಲ, ಮೌಲ್ಯವನ್ನು ಮಾತ್ರ ನಿರ್ಣಯಿಸುತ್ತಾರೆ ಎಂಬುದು ಆ ಮಾತಿನಲ್ಲಿ ಅಪರೂಪಕ್ಕೆ ಕೇಳಿಬಂತು. ಮನೆ ಕೈ ಬದಲಾಗದಿದ್ದರೆ ಸಾಮಾನ್ಯವಾಗಿ ಆ ಮೌಲ್ಯವನ್ನು ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚು ಏರಿಸುವಂತಿಲ್ಲವೆಂದು ಕ್ಯಾಲಿಫೋರ್ನಿಯದ 1978ರ ಕಾನೂನಾದ ಪ್ರಾಪೊಸಿಷನ್ 13 ಕಟ್ಟುಮಾಡಿದೆ. ಇದನ್ನು ತಿಳಿಯದೆ ಅಭ್ಯರ್ಥಿಯ ಭರವಸೆಯನ್ನು ತೂಗುವುದು ಸಾಧ್ಯವೇ ಇಲ್ಲ. ಹುದ್ದೆಯ ಅಧಿಕಾರದ ಮಿತಿಯನ್ನು ಅರಿಯಲು ನನಗೆ ಸ್ಪಾಟ್‌ಲೈಟ್ ಹೆಚ್ಚು ನೆರವಾಯಿತು. ಅಭ್ಯರ್ಥಿಗಳನ್ನು ಪರಸ್ಪರ ತೂಗಿ ನೋಡಲು ಮರ್ಕ್ಯುರಿ.

ಅದೇ ನವೆಂಬರಿನಲ್ಲಿ ಮತದಾರರು ಒಪ್ಪಿದ ಮೆಜರ್ ಎ, ಐದು ವರ್ಷಗಳ ಕಾಲ ಮಾರಾಟ ತೆರಿಗೆಯನ್ನು ಡಾಲರಿಗೆ 5/8 ಸೆಂಟ್‌ನಷ್ಟು ಏರಿಸುವ ಪ್ರಸ್ತಾವ. ಒಕ್ಕೂಟ ಸರ್ಕಾರದ ಕಡಿತದಿಂದ ಆಸ್ಪತ್ರೆಗಳನ್ನು ಉಳಿಸಲೆಂದು ಪ್ರಚಾರ ನಡೆದರೂ, ಅದು ಸಾಮಾನ್ಯ ತೆರಿಗೆಯಾದ್ದರಿಂದ ಹಣವನ್ನು ಆಸ್ಪತ್ರೆಗಳಿಗೇ ವೆಚ್ಚ ಮಾಡಬೇಕೆಂಬ ಕಾನೂನಿನ ನಿರ್ಬಂಧವಿಲ್ಲ. ಮೇಲ್ವಿಚಾರಕರ ಮಂಡಳಿ ಆ ಹಣವನ್ನು ಹೇಗೆ ಹಂಚುತ್ತದೆಂಬುದನ್ನು ಐದು ವರ್ಷವೂ ಗಮನಿಸುವ ವರದಿಗಾರರು ಬೇಕು.

ಪಾಲೊ ಆಲ್ಟೊ, ಮೌಂಟನ್ ವ್ಯೂ ಕಡೆಯವರಿಗೆ 'ಪಾಲೊ ಆಲ್ಟೊ ವೀಕ್ಲಿ'ಯೂ ಇದೆ. ಶಾಲಾ ಮಂಡಳಿ, ನಗರಸಭೆಗಳ ವಿಷಯಕ್ಕೆ ಅದನ್ನು ನೋಡಬಹುದು.

ಒಂದನ್ನೇ ಆರಿಸಬೇಕಾದರೆ ಕೌಂಟಿಯ ಮಟ್ಟಿಗೆ ನನ್ನ ಆಯ್ಕೆ ಸ್ಪಾಟ್‌ಲೈಟ್. ಉಚಿತವೆಂಬ ಕಾರಣಕ್ಕಲ್ಲ, ವರ್ಷವಿಡೀ ಮಂಡಳಿಯ ಬೆನ್ನು ಹತ್ತುವುದಕ್ಕಾಗಿ. ಆದ್ದರಿಂದಲೇ ಅದಕ್ಕೆ ದೇಣಿಗೆ ಕೊಡುತ್ತಿದ್ದೇನೆ. ಮರ್ಕ್ಯುರಿಯ ಚಂದಾವನ್ನೂ ಮತಪತ್ರಗಳು ಬರುವ ತಿಂಗಳುಗಳಲ್ಲಿ ಬಿಡುವುದಿಲ್ಲ.