ಬೋಟಿನ ಎಂಜಿನ್ ಆಯಿಲ್ ಎಳೆಯಲು ಕೈ ಪಂಪಾ, ಬ್ಯಾಟರಿ ಪಂಪಾ?

ಬೋಟಿನ ಒಳಗೇ ಕೂತಿರುವ ಡೀಸೆಲ್ ಎಂಜಿನ್ನಿಗೆ ತಳದಲ್ಲಿ ಡ್ರೈನ್ ಬೋಲ್ಟ್ (ಬಿಚ್ಚಿದರೆ ಆಯಿಲ್ ಕೆಳಗೆ ಸುರಿಯುವ ಬೋಲ್ಟ್) ಇದ್ದರೂ ಅಷ್ಟಕ್ಕಷ್ಟೇ. ಸಾಮಾನ್ಯವಾಗಿ ಅಲ್ಲಿಗೆ ಕೈ ಹೋಗಲ್ಲ, ಹೋದರೂ ಕೆಳಗೆ ಟ್ರೇ ಇಡಲು ಜಾಗ ಇರಲ್ಲ. ಹಾಗಾಗಿ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ತೂತಿನಿಂದ ಸಣ್ಣ ಪೈಪ್ ಇಳಿಸಿ ಹಳೇ ಆಯಿಲ್ ಎಳೆಯಬೇಕು.

ಕೈ ಪಂಪ್ ಅಂದರೆ ಗಾಳಿಯಾಡದ ಡಬ್ಬಿ, ಮೇಲೊಂದು ಹಿಡಿ. ನಾಲ್ಕಾರು ಸಲ ಎಳೆದು ಒತ್ತಿ ಒಳಗಿನ ಗಾಳಿ ತೆಗೆದರೆ ಆಯಿಲ್ ತಾನಾಗಿ ಏರಿ ಬರುತ್ತದೆ, ನೀವು ಆರಾಮಾಗಿ ಹೊಸ ಫಿಲ್ಟರ್ ರೆಡಿ ಮಾಡಿಕೊಳ್ಳಬಹುದು. ಎಷ್ಟು ಬಂತು ಅನ್ನೋದು ಡಬ್ಬಿಯ ಅಳತೆ ಗೆರೆಯಲ್ಲೇ ಗೊತ್ತಾಗುತ್ತದೆ. ಮ್ಯಾನ್ಯುಯಲ್‌ನಲ್ಲಿ 5 ಲೀಟರ್ ಅಂತಿದ್ದು ಮೂರೂವರೆಗೇ ನಿಂತರೆ ಪೈಪ್ ತಳ ಮುಟ್ಟಿಲ್ಲ ಅಂತ ಲೆಕ್ಕ. ಸ್ವಲ್ಪ ಎತ್ತಿ, ತಿರುಗಿಸಿ, ಮತ್ತೆ ಇಳಿಸಿ, ತುದಿ ತಳಕ್ಕೆ ತಾಗಿದ್ದು ಬೆರಳಿಗೇ ತಿಳಿಯುತ್ತದೆ.

12 ವೋಲ್ಟ್ ಪಂಪ್ ಸುಲಭ, ಬ್ಯಾಟರಿಗೆ ಕ್ಲಿಪ್ ಹಾಕಿದರೆ ಕೆಲಸ ಶುರು. ದೊಡ್ಡ ಎಂಜಿನ್ನಿಗೆ ಇದೇ ವಾಸಿ, ಕೈ ಪಂಪಿನ ಡಬ್ಬಿ ಅರ್ಧದಲ್ಲೇ ತುಂಬಿಬಿಡುತ್ತದೆ ಅಲ್ವಾ. ಆದರೆ ಅಗ್ಗದವು ತಣ್ಣನೆ ಆಯಿಲ್ ಎಳೆಯಲಾರದೆ ಒದ್ದಾಡುತ್ತವೆ. ಆಯಿಲ್ ಮುಗಿದ ಮೇಲೂ ಸುಮ್ನೆ ಓಡಲು ಬಿಟ್ಟರೆ ಹಾಳು. ಇದರಲ್ಲಿ ಪೆಟ್ರೋಲ್ ಮಾತ್ರ ಎಳೆಯಬೇಡಿ, ಬೆಂಕಿ ಹತ್ತಲು ಮೋಟಾರಿನ ಒಂದು ಕಿಡಿ ಸಾಕು.

ಯಾವುದೇ ಇರಲಿ, ಮೊದಲು ಎಂಜಿನ್ ಹತ್ತು ನಿಮಿಷ ಓಡಿಸಿ ಆಫ್ ಮಾಡಿ. ಆಯಿಲ್ ಬೆಚ್ಚಗಿದ್ದರೆ ಸರಾಗವಾಗಿ ಬರುತ್ತದೆ, ಜಾಸ್ತಿ ಬಿಸಿಯಿದ್ದರೆ ಪೈಪ್ ಮೆತ್ತಗಾಗುತ್ತದೆ.

ನಾಲ್ಕೈದು ಲೀಟರಿನ ಎಂಜಿನ್ನಾದರೆ ನನ್ನ ಓಟು ಕೈ ಪಂಪಿಗೇ. ಹಳೇ ಆಯಿಲ್ ನೀರಿಗೆ ಸುರಿಯದೆ, ಕ್ಯಾನಿಗೆ ತುಂಬಿ ವೇಸ್ಟ್ ಆಯಿಲ್ ತಗೊಳ್ಳುವವರಿಗೆ ಕೊಡಿ.