ಒಂಬತ್ತು ತಿಂಗಳು ತುಳಿದ ಮೇಲೆ ನಮ್ಮನೆ ಎಕ್ಸರ್‌ಸೈಜ್ ಸೈಕಲ್ ಬಗ್ಗೆ

ಮೊದಲೇ ಹೇಳಿಬಿಡುತ್ತೇನೆ, ನಮ್ಮನೆ ಸೈಕಲ್ ಮೇಲೆ ಬಟ್ಟೆ ಒಣಗುತ್ತಿಲ್ಲ. 9 ತಿಂಗಳಿಂದ ವಾರಕ್ಕೆ 5 ದಿನ, ದಿನಕ್ಕೆ 40 ನಿಮಿಷ ತುಳಿಯುತ್ತಿದ್ದೇನೆ. ತಂದ ದಿನ ನನ್ನ ತೂಕ 81 ಕಿಲೋ ಇತ್ತು. ಇವತ್ತು ಬೆಳಿಗ್ಗೆ 76.6. ಕಂಪನಿ ಹೆಸರು ಬೇಡ ಬಿಡಿ.

ಇದು ಆಯಸ್ಕಾಂತದ ಸೈಕಲ್. ಒಳಗಿನ ಚಕ್ರಕ್ಕೆ ಏನೂ ಉಜ್ಜುವುದಿಲ್ಲ, ಆಯಸ್ಕಾಂತ ಹತ್ತಿರ ಬಂದಷ್ಟೂ ತುಳಿಯುವುದು ಭಾರವಾಗುತ್ತದೆ. ಹಾಗಾಗಿ ಸದ್ದೇ ಇಲ್ಲ. ಪಕ್ಕದ ರೂಮಿನಲ್ಲಿ ಮಲಗಿದವರಿಗೆ ಎಚ್ಚರವಾಗುವುದಿಲ್ಲ. ಬಿಗಿ ಮಾಡೋಕೆ 1ರಿಂದ 8ರವರೆಗೆ ಒಂದು ತಿರುಗಣೆ ಇದೆ. ಸೀಟು ಮಾತ್ರ ಕಲ್ಲು. ಮೊದಲ ಹತ್ತು ದಿನ ಕುರ್ಚಿಯಲ್ಲಿ ಕೂರುವಾಗಲೂ ಒಂದು ಸಲ ಯೋಚಿಸುತ್ತಿದ್ದೆ.

ಜೋಡಿಸುವಾಗ ಒಂದು ಎಡವಟ್ಟು ಮಾಡಿದೆವು. ಎಡಗಡೆ ಪೆಡಲ್‌ನ ಮರೆ (ತಿರುಪಿನ ಸುತ್ತುಗೆರೆ) ಉಲ್ಟಾ ಇರುತ್ತದೆ, ಎಡಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ. ಮಗ ಬಲಕ್ಕೇ ತಿರುಗಿಸಿದ. ಹೋಗಲಿಲ್ಲ ಅಂತ ಇನ್ನೂ ಜೋರು ಹಾಕಿದ. ಮರೆ ಸವೆದು ಹೋಯಿತು, ಹೊಸ ಭಾಗ ಬರೋಕೆ ಎರಡು ವಾರ ಬೇಕಾಯಿತು. ಪೆಡಲ್ ಮೇಲೆ 'ಎಲ್', 'ಆರ್' ಅಂತ ಕೊರೆದಿತ್ತು, ನಾವೇ ನೋಡಿರಲಿಲ್ಲ. ತಪ್ಪು ನಮ್ಮದೇ. ಆದರೂ ಜೊತೆಗೆ ಬಂದ ಹಾಳೆಯಲ್ಲಿ ಇದನ್ನು ದಪ್ಪ ಅಕ್ಷರದಲ್ಲಿ ಹಾಕಬಹುದಿತ್ತು, ಅಲ್ವಾ?

ಆಮೇಲೆ ಮಂಡಿನೋವು. ಸೈಕಲ್ಲೇ ಸರಿಯಿಲ್ಲ ಅಂದುಕೊಂಡಿದ್ದೆ. ನೋಡಿದರೆ ಸೀಟು ತೀರಾ ಕೆಳಗಿತ್ತು. ಪೆಡಲ್ ಪೂರ್ತಿ ಕೆಳಗೆ ಬಂದಾಗ ಮಂಡಿ ಸ್ವಲ್ಪವೇ ಬಗ್ಗಿರಬೇಕು. ಎರಡು ತೂತು ಮೇಲಕ್ಕೆ ಏರಿಸಿದೆ, ವಾರದಲ್ಲಿ ನೋವು ಹೋಯಿತು.

ಇನ್ನು ಸೈಕಲ್ ಮುಂದೆ ಅಂಕಿ ತೋರಿಸುವ ಪರದೆಯ ವಿಷಯ. ನನ್ನ ನಿಜವಾದ ಜಗಳ ಇದರ ಜೊತೆ.

40 ನಿಮಿಷ ಆದಾಗ ಅದು 400 ಕ್ಯಾಲೊರಿ ಅಂತ ತೋರಿಸುತ್ತಿತ್ತು. ನನಗೋ ಖುಷಿ. ದಿನಾ ಪುಸ್ತಕದಲ್ಲಿ ಬರೆದಿಟ್ಟೆ. ಮೂರು ವಾರಕ್ಕೆ 6000. ಒಂದು ಕಿಲೋ ಕೊಬ್ಬು ಅಂದರೆ ಸುಮಾರು 7700 ಕ್ಯಾಲೊರಿ. ಮುಕ್ಕಾಲು ಕಿಲೋ ಆದರೂ ಇಳಿದಿರಬೇಕು ಅಂತ ತಕ್ಕಡಿ ಹತ್ತಿದೆ. 200 ಗ್ರಾಂ ಜಾಸ್ತಿಯಾಗಿತ್ತು!

ಆಗ ಅನುಮಾನ ಬಂತು. ಈ ಯಂತ್ರ ನನ್ನ ತೂಕ ಕೇಳಿಯೇ ಇಲ್ಲ. ವಯಸ್ಸೂ ಕೇಳಿಲ್ಲ. ತಿರುಗಣೆಯನ್ನು 1ಕ್ಕೆ ಇಟ್ಟು ಹತ್ತು ನಿಮಿಷ ಸುಮ್ನೆ ಗರಗರ ತಿರುಗಿಸಿದೆ. ಬೆವರೇ ಇಲ್ಲ, 110 ತೋರಿಸಿತು. ಮರುದಿನ 6ಕ್ಕೆ ಇಟ್ಟು ಹತ್ತು ನಿಮಿಷ ನಿಧಾನಕ್ಕೆ, ಏದುಸಿರು ಬಿಡುತ್ತಾ ತುಳಿದೆ. 70! ಅಂದರೆ ಇದು ಎಣಿಸುವುದು ಪೆಡಲ್ ಎಷ್ಟು ಸುತ್ತು ಹೊಡೆಯಿತು ಅನ್ನೋದನ್ನು ಮಾತ್ರ. ನಾನು ಎಷ್ಟು ಕಷ್ಟಪಟ್ಟೆ ಅನ್ನೋದು ಅದಕ್ಕೆ ಬೇಕಾಗಿಲ್ಲ.

ತಂಗಿ ಮನೆಯ ಸೈಕಲ್ ವ್ಯಾಟ್ ತೋರಿಸುತ್ತದೆ, ಅಂದರೆ ಕಾಲು ಪೆಡಲ್ ಮೇಲೆ ಎಷ್ಟು ಜೋರಿನಲ್ಲಿ ಕೆಲಸ ಮಾಡುತ್ತಿದೆ ಅನ್ನೋದನ್ನು. ಅಲ್ಲಿ ನನ್ನ ಎಂದಿನ ಜೋರಿನಲ್ಲಿ ತುಳಿದಾಗ 60 ವ್ಯಾಟ್ ಬಂತು. 40 ನಿಮಿಷಕ್ಕೆ 144 ಕಿಲೋಜೂಲ್, ಅಂದರೆ 34 ಕ್ಯಾಲೊರಿ ಅಷ್ಟೇ ಪೆಡಲ್‌ಗೆ ಹೋಗಿದೆ. ಗಾಬರಿ ಬೇಡ. ದೇಹ ಸುಡುವುದರಲ್ಲಿ ಐದನೇ ಒಂದು ಭಾಗವೋ ನಾಲ್ಕನೇ ಒಂದು ಭಾಗವೋ ಮಾತ್ರ ಕಾಲಿನ ಕೆಲಸವಾಗುತ್ತದೆ, ಉಳಿದದ್ದೆಲ್ಲ ಮೈಬಿಸಿ. ಹಾಗೆ ಲೆಕ್ಕ ಹಾಕಿದರೆ ನಾನು ನಿಜಕ್ಕೂ ಸುಡುತ್ತಿದ್ದದ್ದು 140ರಿಂದ 170ರ ಆಸುಪಾಸು. ಪರದೆ ಹೇಳಿದ್ದರಲ್ಲಿ ಅರ್ಧವೂ ಇಲ್ಲ.

ಸುಳ್ಳು ಹೇಳಿದರೆ ಹೇಳಿಕೊಳ್ಳಲಿ, ಏನಾಯ್ತೀಗ ಅನ್ನಬಹುದು. ನಾನು ಅದನ್ನು ನಂಬಿ ತಿನ್ನುತ್ತಿದ್ದೆನಲ್ಲ! 400 ಕರಗಿಸಿದ್ದೇನೆ, ಇನ್ನೊಂದು ಸಲ ಬಡಿಸಿಕೊಂಡರೆ ಏನೂ ಆಗಲ್ಲ ಅಂತ. ತಕ್ಕಡಿ ಮೇಲಕ್ಕೆ ಹೋಗಿದ್ದು ಯಾಕೆ ಅಂತ ಆಗ ಗೊತ್ತಾಯಿತು.

ಅವತ್ತೇ ಕ್ಯಾಲೊರಿ ಅಂಕಿಯ ಮೇಲೆ ಒಂದು ಸ್ಟಿಕ್ಕರ್ ಅಂಟಿಸಿದೆ. ಎರಡನೇ ಸಲ ಬಡಿಸಿಕೊಳ್ಳೋದು ನಿಲ್ಲಿಸಿದೆ. ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು, ಅಷ್ಟು ಜೋರಿನಲ್ಲಿ ತುಳಿಯುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷ ಇಂಥ ಮಧ್ಯಮ ಶ್ರಮ. ನನ್ನದು 200. ಮೊದಲ ಒಂದು ಕಿಲೋ ಇಳಿಯೋಕೆ ಎರಡು ತಿಂಗಳು ಹಿಡಿಯಿತು. ಇಳಿದ 4.4 ಕಿಲೋದಲ್ಲಿ ಸೈಕಲ್ಲಿನ ಪಾಲೆಷ್ಟು, ತಟ್ಟೆಯ ಪಾಲೆಷ್ಟು ಅಂತ ಕೇಳಿದರೆ, ತಟ್ಟೆಯದೇ ಜಾಸ್ತಿ ಅಂತೀನಿ. ಆದರೆ ಮೂರು ಮಹಡಿ ಹತ್ತಿ ನಿಂತಾಗ ಈಗ ಗೋಡೆ ಹಿಡಿಯುವುದಿಲ್ಲ. ಬೆಳಿಗ್ಗೆ ಎದ್ದಾಗ ನಾಡಿ 84 ಇದ್ದದ್ದು 72ಕ್ಕೆ ಬಂದಿದೆ. ಅದು ಸೈಕಲ್ಲಿನದೇ.

ತಗೊಳ್ಳುವವರು ವ್ಯಾಟ್ ತೋರಿಸುವುದು ಸಿಕ್ಕರೆ ಅದನ್ನೇ ನೋಡಿ. ಮೆತ್ತನೆಯ ಸೀಟ್ ಕವರ್ ಮೊದಲ ದಿನವೇ ತನ್ನಿ. ಸೈಕಲ್ಲಿಗೆ ನನ್ನ ಕಡೆಯಿಂದ ನಾಲ್ಕು ಸ್ಟಾರ್. ಪರದೆಗೆ ಒಂದು, ಅದೂ ನಿಮಿಷವನ್ನು ಸರಿಯಾಗಿ ಎಣಿಸುತ್ತದೆ ಅಂತ.